ಪೊಟ್ಟಣ ತಿರುಗಿಸಿ ಓದಿ: ಆಹಾರದ ಲೇಬಲ್‌ನಿಂದ ಗ್ರಾಹಕ ಆಯೋಗದವರೆಗೆ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳು ಎರಡು. ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಏನೇನೋ ಬರೆದಿರುತ್ತಾರಲ್ಲ, ಅದರಲ್ಲಿ ನೋಡಬೇಕಾದದ್ದು ಯಾವುದು? ಬಿಸ್ಕತ್ತಿನಲ್ಲಿ ಹುಳ ಸಿಕ್ಕಿತು, ಅವಧಿ ಮುಗಿದ ಸರಕು ಕೈಗೆ ಬಂತು, ಯಾರಿಗೆ ಹೇಳಬೇಕು? ಎರಡಕ್ಕೂ ಉತ್ತರ ಇರುವುದು ನಾವು ಮರುಯೋಚಿಸದೆ ಕಸಕ್ಕೆ ಎಸೆಯುವ ಆ ಹೊದಿಕೆಯಲ್ಲೇ. ತಿನ್ನುವ ಮುಂಚೆ ಅದು ಮಾಹಿತಿ, ತೊಂದರೆಯಾದ ಮೇಲೆ ಅದೇ ಸಾಕ್ಷ್ಯ.

ಹೊದಿಕೆಯ ಮೇಲೆ ಏನಿರಬೇಕು ಎಂಬುದನ್ನು ಮುಖ್ಯವಾಗಿ ಎರಡು ಕಾನೂನುಗಳು ಹೇಳುತ್ತವೆ. ಪದಾರ್ಥ, ಪೌಷ್ಟಿಕಾಂಶ, ಅಲರ್ಜಿ, ಬಾಳಿಕೆ ಇವೆಲ್ಲ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಕೆಳಗೆ ಬರುತ್ತವೆ. ಅದನ್ನು ನೋಡಿಕೊಳ್ಳುವುದು ಎಫ್‌ಎಸ್‌ಎಸ್‌ಎಐ, ಅಂದರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ. ಈಗಿನ ಲೇಬಲ್ ನಿಯಮಗಳು 2020ರವು. ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ, ಗ್ರಾಹಕ ಸೇವೆಯ ಸಂಖ್ಯೆ ಇವು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳ ವ್ಯಾಪ್ತಿಗೆ ಸೇರುತ್ತವೆ. ಈ ವ್ಯತ್ಯಾಸ ನೆನಪಿರಲಿ, ದೂರು ಕೊಡುವಾಗ ಬೇಕಾಗುತ್ತದೆ.

ಒಂದು ತೊಡಕನ್ನು ಮೊದಲೇ ಹೇಳಿಬಿಡುತ್ತೇವೆ. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು ಎನ್ನುತ್ತದೆ ನಿಯಮ. ಕನ್ನಡ ಹಾಕಲು ಅಡ್ಡಿಯಿಲ್ಲ, ಆದರೆ ಹಾಕಲೇಬೇಕೆಂದೂ ಇಲ್ಲ. ಹಾಗಾಗಿ ಲೇಬಲ್ಲಿನಲ್ಲಿ ಕಾಣುವ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಕೊಟ್ಟು ಮುಂದೆ ಅರ್ಥ ಹೇಳಿದ್ದೇವೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಸಣ್ಣ ಅಕ್ಷರವನ್ನು ಹಿಗ್ಗಿಸಿ ನೋಡಲು ಮೊಬೈಲಿನ ಕ್ಯಾಮೆರಾ, ಅದರಲ್ಲೇ ಇರುವ ಕ್ಯಾಲ್ಕ್ಯುಲೇಟರ್, ಮತ್ತು ಬಿಲ್ಲನ್ನು ಎತ್ತಿಡುವ ಅಭ್ಯಾಸ.

1. ಮುಂಭಾಗದಲ್ಲಿ ಆಹಾರದ ನಿಜವಾದ ಹೆಸರು ಹುಡುಕಿ

ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಇರುವುದು ಬ್ರಾಂಡಿನ ಹೆಸರು. ಅದರ ಕೆಳಗೋ ಪಕ್ಕದಲ್ಲೋ ಸಣ್ಣದಾಗಿ ಆ ಆಹಾರ ಏನೆಂದು ಬರೆದಿರುತ್ತದೆ. ಓದಬೇಕಾದದ್ದು ಅದನ್ನು. ಐಸ್‌ಕ್ರೀಮ್ ಎಂದುಕೊಂಡು ತಂದದ್ದರ ಮೇಲೆ ‘ಫ್ರೋಜನ್ ಡೆಸರ್ಟ್’ ಎಂದಿದ್ದರೆ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಅಥವಾ ವನಸ್ಪತಿ ಕೊಬ್ಬು ಬಳಸಿರಬಹುದು. ಸಾಮಾನ್ಯ ಐಸ್‌ಕ್ರೀಮಿನಲ್ಲಿ ಕನಿಷ್ಠ ಶೇ. 10 ಹಾಲಿನ ಕೊಬ್ಬು ಇರಬೇಕು. ಹಣ್ಣಿನ ಚಿತ್ರವಿರುವ ಬಾಟಲಿಯ ಮೇಲೆ ‘ಜ್ಯೂಸ್’ ಎಂದಿದೆಯೋ, ‘ಫ್ರೂಟ್ ಡ್ರಿಂಕ್’ ಎಂದಿದೆಯೋ ನೋಡಿ. ಎರಡನೆಯದರಲ್ಲಿ ನೀರು, ಸಕ್ಕರೆಯ ಪಾಲೇ ದೊಡ್ಡದು.

ಬ್ರಾಂಡಿನ ಹೆಸರಿನಲ್ಲೇ ‘ನ್ಯಾಚುರಲ್’, ‘ಪ್ಯೂರ್’, ‘ಫ್ರೆಶ್’ ಸೇರಿಕೊಂಡಿದ್ದರೆ ಅಲ್ಲೇ ಎಲ್ಲೋ ಒಂದು ಸಾಲು ಸಿಗುತ್ತದೆ: ‘ಇದು ಕೇವಲ ಬ್ರಾಂಡ್ ಹೆಸರು ಅಥವಾ ಟ್ರೇಡ್ ಮಾರ್ಕ್, ಪದಾರ್ಥದ ನಿಜ ಗುಣವನ್ನು ಸೂಚಿಸುವುದಿಲ್ಲ’ ಎಂಬ ಅರ್ಥದ್ದು. ಕಾನೂನೇ ಬರೆಸಿರುವ ತಪ್ಪೊಪ್ಪಿಗೆ ಅದು.

2. ಪದಾರ್ಥಗಳ ಪಟ್ಟಿ: ಮೊದಲ ಮೂರು ಹೆಸರು

ಹಿಂಭಾಗದ ‘ಇಂಗ್ರೀಡಿಯಂಟ್ಸ್’ ಎಂಬ ಪಟ್ಟಿಯಲ್ಲಿ ಪದಾರ್ಥಗಳು ತೂಕದ ಇಳಿಕೆಯ ಕ್ರಮದಲ್ಲಿರಬೇಕು. ತಯಾರಿಸುವಾಗ ಯಾವುದನ್ನು ಅತಿ ಹೆಚ್ಚು ಹಾಕಿದರೋ ಅದು ಮೊದಲು. ಮೊದಲ ಮೂರು ಹೆಸರು ಓದಿದರೆ ಪೊಟ್ಟಣದ ಸ್ವಭಾವ ಬಹುಪಾಲು ತಿಳಿಯುತ್ತದೆ. ‘ರಾಗಿ ಬಿಸ್ಕತ್ತು’ ಎಂಬುದರ ಪಟ್ಟಿ ‘ರಿಫೈನ್ಡ್ ವೀಟ್ ಫ್ಲೋರ್’ನಿಂದ ಶುರುವಾದರೆ ಅದು ರಾಗಿ ಬೆರೆಸಿದ ಮೈದಾ ಬಿಸ್ಕತ್ತು, ಅಷ್ಟೆ.

ಎಷ್ಟು ಬೆರೆಸಿದ್ದಾರೆ ಎನ್ನುವುದನ್ನೂ ಕಂಡುಹಿಡಿಯಬಹುದು. ಯಾವುದಾದರೂ ಪದಾರ್ಥವನ್ನು ಹೆಸರಿನಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದ್ದರೆ ಅದರ ಶೇಕಡಾ ಪ್ರಮಾಣವನ್ನು ಹೇಳಲೇಬೇಕು. ಬಾದಾಮಿ ಚಿತ್ರವಿದೆಯೇ? ಪಟ್ಟಿಯಲ್ಲಿ ಬಾದಾಮಿಯ ಮುಂದಿನ ಅಂಕಿ ನೋಡಿ. ಅಂಕಿಯೇ ಇಲ್ಲದಿದ್ದರೆ ಅದು ದೂರಿಗೆ ಯೋಗ್ಯವಾದ ಲೋಪ.

ಈಗ ಇಲ್ಲಿನ ಮುಖ್ಯ ಮೋಸಕ್ಕೆ ಬರೋಣ. ಸಕ್ಕರೆಯನ್ನು ಒಂದೇ ಹೆಸರಿನಲ್ಲಿ ಹಾಕಿದರೆ ಅದು ಪಟ್ಟಿಯ ಮೇಲ್ತುದಿಗೆ ಬಂದು ಕೂರುತ್ತದೆ. ನಾಲ್ಕು ಹೆಸರಿನಲ್ಲಿ ಹಂಚಿ ಹಾಕಿದರೆ ಒಂದೊಂದೂ ಕೆಳಗೆ ಇಳಿಯುತ್ತದೆ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಕಾರ್ನ್ ಸಿರಪ್, ಮಾಲ್ಟ್ ಎಕ್ಸ್‌ಟ್ರಾಕ್ಟ್, ಹಣ್ಣಿನ ರಸದ ಕಾನ್ಸಂಟ್ರೇಟ್ (ನೀರು ಇಂಗಿಸಿದ ಗಟ್ಟಿ ರಸ), ಜೇನು, ಬೆಲ್ಲ, ಖರ್ಜೂರದ ಪಾಕ, ಇವೆಲ್ಲವನ್ನೂ ಒಟ್ಟಿಗೆ ಸಿಹಿಯ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮಾಲ್ಟೋಡೆಕ್ಸ್‌ಟ್ರಿನ್ ಕೋಷ್ಟಕದಲ್ಲಿ ಸಕ್ಕರೆಯಾಗಿ ಕಾಣದಿದ್ದರೂ ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಪಿಷ್ಟದ ಪುಡಿ. ಮಧುಮೇಹ ಇರುವವರು ಇದೊಂದು ಹೆಸರನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

‘ಐಎನ್‌ಎಸ್’ ಎಂದು ಶುರುವಾಗುವ ಅಂಕಿಗಳು ಸಂಯೋಜಕಗಳ, ಅಂದರೆ ಬಣ್ಣ, ರುಚಿ, ಬಾಳಿಕೆಗಾಗಿ ಸೇರಿಸುವ ವಸ್ತುಗಳ ಅಂತರರಾಷ್ಟ್ರೀಯ ಸಂಖ್ಯೆಗಳು. ಅಂಕಿ ಕಂಡ ಕೂಡಲೇ ವಿಷ ಎಂದು ಬೆಚ್ಚಬೇಕಾಗಿಲ್ಲ: 330 ನಿಂಬೆಹುಳಿಯ ಸಿಟ್ರಿಕ್ ಆಮ್ಲ, 500(ii) ಅಡುಗೆ ಸೋಡಾ, 322 ಎಣ್ಣೆ, ನೀರು ಬೇರ್ಪಡದಂತೆ ಹಾಕುವ ಲೆಸಿಥಿನ್. 211 ಸೋಡಿಯಂ ಬೆಂಜೋಯೇಟ್ ಎಂಬ ಸಂರಕ್ಷಕ, 319 ಎಣ್ಣೆ ಕಮಟಾಗದಂತೆ ತಡೆಯುವ ಟಿಬಿಎಚ್‌ಕ್ಯು, 102 ಟಾರ್ಟ್ರಜೀನ್ ಎಂಬ ಹಳದಿ ಬಣ್ಣ, 951 ಮತ್ತು 955 ಕ್ರಮವಾಗಿ ಆಸ್ಪರ್ಟೇಮ್, ಸುಕ್ರಲೋಸ್ ಎಂಬ ಕೃತಕ ಸಿಹಿಗಳು. 621 ಎಂದರೆ ಮೊನೊಸೋಡಿಯಂ ಗ್ಲುಟಮೇಟ್ (ಎಂಎಸ್‌ಜಿ), ಜನ ಅಜಿನೊಮೊಟೊ ಎನ್ನುವುದು. ‘ನೋ ಆಡೆಡ್ ಎಂಎಸ್‌ಜಿ’ ಎಂದು ಮುಂದೆ ಬರೆದು, ಹಿಂದೆ 627, 631 ಅಥವಾ 635 ಜತೆಗೆ ‘ಹೈಡ್ರೊಲೈಸ್ಡ್ ವೆಜಿಟಬಲ್ ಪ್ರೋಟೀನ್’ ಹಾಕುವುದುಂಟು. ಅವುಗಳ ಕೆಲಸವೂ ಅದೇ ರುಚಿ ಹೆಚ್ಚಿಸುವುದು.

ಅಲರ್ಜಿ ಇರುವವರು ಪಟ್ಟಿಯ ಕೆಳಗಿನ ‘ಕಂಟೇನ್ಸ್’ ಎಂಬ ಸಾಲನ್ನು ಪ್ರತಿ ಸಲ ಓದಬೇಕು. ಅಂಟು ಅಥವಾ ಗ್ಲೂಟೆನ್ ಇರುವ ಧಾನ್ಯ, ಸಿಗಡಿ–ಏಡಿಯಂಥವು, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಬಾದಾಮಿ, ಗೋಡಂಬಿಯಂಥ ಮರಬೀಜಗಳು, ಸೋಯಾ, ಕಿಲೋಗೆ 10 ಮಿ.ಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಎಂಬ ಸಂರಕ್ಷಕ ಇದ್ದರೆ ಅಲ್ಲಿ ಹೇಳಬೇಕು. ‘ಕಂಟೇನ್ಸ್’ ಎಂದರೆ ಇದೆ. ‘ಮೇ ಕಂಟೇನ್’ ಎಂದರೆ ಅದೇ ಕಾರ್ಖಾನೆಯಲ್ಲಿ ಬಳಸುವುದರಿಂದ ಅದರ ಅಂಶ ಬೆರೆತಿರಬಹುದು ಎಂದರ್ಥ. ತೀವ್ರ ಅಲರ್ಜಿಯವರಿಗೆ ಎರಡೂ ಒಂದೇ. ಹಳೆಯ ಪರಿಚಯದ ಬ್ರಾಂಡ್ ಎಂದು ಓದದೆ ಬಿಡಬೇಡಿ. ಬೆರೆಸುವ ಪದಾರ್ಥ ಬದಲಾದರೂ ಪೊಟ್ಟಣದ ಬಣ್ಣ ಬದಲಾಗುವುದಿಲ್ಲ.

3. ಪೌಷ್ಟಿಕಾಂಶದ ಕೋಷ್ಟಕ: ಗುಣಾಕಾರ ಮಾಡದೆ ನಂಬಬೇಡಿ

ಎಲ್ಲರೂ ಎಡವುವುದು ಇಲ್ಲಿ. ಕೋಷ್ಟಕದಲ್ಲಿ ಇರಲೇಬೇಕಾದವು: ಶಕ್ತಿ (ಕಿಲೋಕ್ಯಾಲರಿ), ಪ್ರೋಟೀನ್, ಕಾರ್ಬೋಹೈಡ್ರೇಟ್, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಒಟ್ಟು ಕೊಬ್ಬು, ಸ್ಯಾಚುರೇಟೆಡ್ ಕೊಬ್ಬು, ಟ್ರಾನ್ಸ್ ಕೊಬ್ಬು, ಕೊಲೆಸ್ಟ್ರಾಲ್, ಸೋಡಿಯಂ. ಇವನ್ನು 100 ಗ್ರಾಂ ಅಥವಾ 100 ಮಿ.ಲೀ.ಗೆ ಎಷ್ಟೆಂದು ಕೊಟ್ಟಿರುತ್ತಾರೆ. ಪಕ್ಕದಲ್ಲಿ ‘ಪರ್ ಸರ್ವ್ ಶೇಕಡಾ ಆರ್‌ಡಿಎ’ ಎಂಬ ಕಂಬಸಾಲು. ಆರ್‌ಡಿಎ ಎಂದರೆ ದಿನಕ್ಕೆ ಶಿಫಾರಸಾದ ಪ್ರಮಾಣ. ಒಬ್ಬ ವಯಸ್ಕರ ದಿನದ ಲೆಕ್ಕದಲ್ಲಿ ಒಂದು ‘ಸರ್ವಿಂಗ್’ ಎಷ್ಟು ಪಾಲನ್ನು ತುಂಬುತ್ತದೆ ಎಂಬುದು ಅದರ ಅರ್ಥ.

ಆ ದಿನದ ಲೆಕ್ಕವೂ ನಿಗದಿಯಾಗಿದೆ: ಶಕ್ತಿ 2,000 ಕಿಲೋಕ್ಯಾಲರಿ, ಒಟ್ಟು ಕೊಬ್ಬು 67 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ, ಟ್ರಾನ್ಸ್ ಕೊಬ್ಬು 2 ಗ್ರಾಂ, ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2,000 ಮಿ.ಗ್ರಾಂ. ಈ ಆರು ಅಂಕಿಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಮಗುವಿನ ಅಗತ್ಯ ಇದಕ್ಕಿಂತ ಕಡಿಮೆ, ಹಾಗಾಗಿ ಲೇಬಲ್ಲಿನ ಶೇಕಡಾವನ್ನು ಮಕ್ಕಳಿಗೆ ಹಾಗೇ ಅನ್ವಯಿಸುವಂತಿಲ್ಲ.

‘ಸರ್ವಿಂಗ್ ಸೈಜ್’, ಅಂದರೆ ಒಂದು ಸಲಕ್ಕೆ ತಿನ್ನುವ ಪ್ರಮಾಣ ಎಷ್ಟೆಂದು ಗೊತ್ತುಮಾಡುವುದು ಕಂಪನಿ. 90 ಗ್ರಾಂ ಚಿಪ್ಸ್ ಪೊಟ್ಟಣವೊಂದನ್ನು ಲೆಕ್ಕಕ್ಕೆಂದು ಇಟ್ಟುಕೊಳ್ಳಿ. 100 ಗ್ರಾಂಗೆ 540 ಕಿಲೋಕ್ಯಾಲರಿ, ಸ್ಯಾಚುರೇಟೆಡ್ ಕೊಬ್ಬು 14 ಗ್ರಾಂ, ಸೋಡಿಯಂ 640 ಮಿ.ಗ್ರಾಂ. ಸರ್ವಿಂಗ್ 30 ಗ್ರಾಂ. ಕೋಷ್ಟಕ ಹೇಳುವುದು: ಶಕ್ತಿ ಶೇ. 8, ಸ್ಯಾಚುರೇಟೆಡ್ ಕೊಬ್ಬು ಶೇ. 19, ಸೋಡಿಯಂ ಶೇ. 10. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಪೊಟ್ಟಣ ಒಡೆದವರು ಮೂರನೇ ಒಂದು ಪಾಲು ತಿಂದು ರಬ್ಬರ್ ಬ್ಯಾಂಡ್ ಹಾಕಿ ಎತ್ತಿಡುತ್ತಾರೆಯೇ? ಪೂರ್ತಿ ತಿಂದರೆ 486 ಕಿಲೋಕ್ಯಾಲರಿ, 12.6 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಅಂದರೆ ದಿನದ ಮಿತಿಯ ಶೇ. 57, ಸೋಡಿಯಂ 576 ಮಿ.ಗ್ರಾಂ, ಶೇ. 29.

ಪಾನೀಯಗಳಲ್ಲಿ ಇದು ಇನ್ನೂ ಜೋರು. 600 ಮಿ.ಲೀ. ಬಾಟಲಿ, 100 ಮಿ.ಲೀ.ಗೆ 11 ಗ್ರಾಂ ಸೇರಿಸಿದ ಸಕ್ಕರೆ, ಸರ್ವಿಂಗ್ 200 ಮಿ.ಲೀ. ಎಂದಿರಲಿ. ಕೋಷ್ಟಕದಲ್ಲಿ ಶೇ. 44. ಬಾಟಲಿ ಮುಗಿಸಿದರೆ 66 ಗ್ರಾಂ, ಶೇ. 132. ಐದು ಗ್ರಾಂ ಹಿಡಿಯುವ ಚಮಚದಲ್ಲಿ ಹದಿಮೂರು ಚಮಚ! ಅದರ ಮೇಲೆ, 50 ಗ್ರಾಂ ಎಂಬುದು ಗುರಿಯಲ್ಲ, ಮೇಲಿನ ಗಡಿ. ಸಾಧ್ಯವಾದರೆ ಅದರ ಅರ್ಧಕ್ಕೆ, ಸುಮಾರು 25 ಗ್ರಾಂಗೆ ಇಳಿಸಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹಾಗಾಗಿ ಮಾಡಬೇಕಾದದ್ದು ಇಷ್ಟು: 100 ಗ್ರಾಂನ ಅಂಕಿಯನ್ನು ನೀವು ನಿಜವಾಗಿ ತಿನ್ನುವ ಗ್ರಾಂನಿಂದ ಗುಣಿಸಿ, 100ರಿಂದ ಭಾಗಿಸಿ. ಎರಡು ಬ್ರಾಂಡುಗಳನ್ನು ಹೋಲಿಸುವಾಗ ಮಾತ್ರ 100 ಗ್ರಾಂನ ಕಂಬಸಾಲನ್ನೇ ಬಳಸಿ. ಸರ್ವಿಂಗ್ ಕಂಬಸಾಲಿನಿಂದ ಹೋಲಿಸಿದರೆ 20 ಗ್ರಾಂನವನು 30 ಗ್ರಾಂನವನಿಗಿಂತ ಒಳ್ಳೆಯವನಾಗಿ ಕಾಣುತ್ತಾನೆ.

ಇನ್ನು ಕೆಲವು ಸೂಕ್ಷ್ಮಗಳು. ಸೋಡಿಯಂ ಎಂದರೆ ಉಪ್ಪಲ್ಲ, ಉಪ್ಪಿನ ಒಂದು ಭಾಗ. ಸೋಡಿಯಮ್ಮನ್ನು 2.5ರಿಂದ ಗುಣಿಸಿದರೆ ಉಪ್ಪು ಸಿಗುತ್ತದೆ: 400 ಮಿ.ಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು, ದಿನದ 2,000 ಮಿ.ಗ್ರಾಂ ಎಂದರೆ 5 ಗ್ರಾಂ. ರಕ್ತದೊತ್ತಡ ಇರುವವರು ಉಪ್ಪಿನಕಾಯಿ, ಸೂಪ್ ಪುಡಿ, ನೂಡಲ್ಸ್ ಮಸಾಲೆಯಲ್ಲಿ ಮೊದಲು ನೋಡಬೇಕಾದದ್ದು ಈ ಸಾಲು. ಹಾಲಿಗೆ ಬೆರೆಸುವ ಪುಡಿಗಳಲ್ಲಿ ಕೆಲವೊಮ್ಮೆ ಎರಡು ಕಂಬಸಾಲು ಇರುತ್ತವೆ, ಬರೀ ಪುಡಿಯದ್ದು ಒಂದು, ಹಾಲಿನೊಂದಿಗೆ ಇನ್ನೊಂದು. ಪ್ರೋಟೀನ್ ಹೆಚ್ಚಿರುವುದು ಎರಡನೆಯದರಲ್ಲಿ, ಅದಕ್ಕೆ ಕಾರಣ ನಿಮ್ಮ ಮನೆಯ ಹಾಲು. ಟ್ರಾನ್ಸ್ ಕೊಬ್ಬಿನ ಎದುರು ಸೊನ್ನೆ ಇದ್ದ ಮಾತ್ರಕ್ಕೆ ಕೊಬ್ಬು ಒಳ್ಳೆಯದೆಂದಲ್ಲ. ಎಣ್ಣೆ, ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬಿಗೆ (ಎಣ್ಣೆಯನ್ನು ಗಟ್ಟಿ ಮಾಡುವಾಗ ಉಂಟಾಗುವ, ಹೃದಯಕ್ಕೆ ಕೆಟ್ಟದಾದ ಕೊಬ್ಬು) 2022ರಿಂದ ಶೇ. 2ರ ಮಿತಿ ಇದೆ. ಅನೇಕರು ಆ ಜಾಗಕ್ಕೆ ತಂದದ್ದು ಸ್ಯಾಚುರೇಟೆಡ್ ಕೊಬ್ಬು ಹೆಚ್ಚಿರುವ ತಾಳೆ ಎಣ್ಣೆಯನ್ನು, ಹಾಗಾಗಿ ಕಣ್ಣು ಸ್ಯಾಚುರೇಟೆಡ್ ಕೊಬ್ಬಿನ ಸಾಲಿನ ಮೇಲಿರಲಿ.

ಕೋಷ್ಟಕವೇ ಸರಿಯಿಲ್ಲ ಎಂಬ ಗುಮಾನಿ ಬಂದರೆ ಒಂದು ಸುಲಭ ಪರೀಕ್ಷೆ ಇದೆ. ಕಾರ್ಬೋಹೈಡ್ರೇಟ್ ಗ್ರಾಂ ಗುಣಿಸು 4, ಪ್ರೋಟೀನ್ ಗ್ರಾಂ ಗುಣಿಸು 4, ಕೊಬ್ಬು ಗ್ರಾಂ ಗುಣಿಸು 9, ಮೂರನ್ನೂ ಕೂಡಿಸಿ. ಬರುವ ಮೊತ್ತ ಲೇಬಲ್ಲಿನ ಕಿಲೋಕ್ಯಾಲರಿಗೆ ಹತ್ತಿರವಿರಬೇಕು. ನಾರು ಅಥವಾ ಸಕ್ಕರೆ ಆಲ್ಕೊಹಾಲ್ (ಸಕ್ಕರೆಯ ಬದಲು ಹಾಕುವ, ಕಡಿಮೆ ಶಕ್ತಿಯ ಸಿಹಿವಸ್ತು) ಹೆಚ್ಚಿದ್ದರೆ ಸ್ವಲ್ಪ ವ್ಯತ್ಯಾಸ ಸಹಜ. ನೂರಾರು ಕಿಲೋಕ್ಯಾಲರಿ ಅಂತರವಿದ್ದರೆ ಅಚ್ಚಿನ ತಪ್ಪೋ ಲೆಕ್ಕದ ತಪ್ಪೋ, ಯಾವುದೋ ಒಂದು ಇದೆ.

ಪುಟ್ಟ ಪೊಟ್ಟಣಗಳಲ್ಲಿ ಕೋಷ್ಟಕವೇ ಇಲ್ಲ ಎಂದು ಬಹಳ ಮಂದಿ ಬರೆಯುತ್ತಾರೆ. ಹೊರಮೈ 100 ಚದರ ಸೆಂ.ಮೀ. ಮೀರದ ಪೊಟ್ಟಣಕ್ಕೆ ಪದಾರ್ಥ ಪಟ್ಟಿ, ಪೌಷ್ಟಿಕಾಂಶದ ವಿನಾಯಿತಿ ಇದೆ. ಆ ವಿವರ ಅಂಗಡಿಗೆ ಬಂದ ದೊಡ್ಡ ಪ್ಯಾಕಿನ ಮೇಲಿರಬೇಕು. ಅಂಗಡಿಯವರನ್ನು ಕೇಳಿ, ತೋರಿಸುತ್ತಾರೆ.

4. ಹೆಗ್ಗಳಿಕೆಗಳನ್ನು ಅಂಕಿಗೆ ಇಳಿಸಿ

ಮುಂಭಾಗದ ‘ಲೋ ಫ್ಯಾಟ್’, ‘ಶುಗರ್ ಫ್ರೀ’ ಇವು ಬಾಯಿಗೆ ಬಂದಂತೆ ಹಾಕುವ ಪದಗಳಲ್ಲ. 2018ರ ಜಾಹೀರಾತು ಮತ್ತು ಹೇಳಿಕೆ ನಿಯಮಗಳು ಪ್ರತಿಯೊಂದಕ್ಕೂ ಅಳತೆ ಕೊಟ್ಟಿವೆ. ಘನ ಆಹಾರದಲ್ಲಿ ‘ಲೋ ಫ್ಯಾಟ್’ ಎನ್ನಲು 100 ಗ್ರಾಂಗೆ 3 ಗ್ರಾಂ ಕೊಬ್ಬು ಮೀರಬಾರದು. ‘ಫ್ಯಾಟ್ ಫ್ರೀ’ಗೆ 0.5 ಗ್ರಾಂ. ‘ಶುಗರ್ ಫ್ರೀ’ಗೆ ಸಕ್ಕರೆ 0.5 ಗ್ರಾಂ ಮೀರಬಾರದು, ‘ಲೋ ಶುಗರ್’ಗೆ 5 ಗ್ರಾಂ. ‘ಲೋ ಸೋಡಿಯಂ’ಗೆ 120 ಮಿ.ಗ್ರಾಂ. ‘ಸೋರ್ಸ್ ಆಫ್ ಫೈಬರ್’ ಎನ್ನಲು ಕನಿಷ್ಠ 3 ಗ್ರಾಂ ನಾರು, ‘ಹೈ ಫೈಬರ್’ಗೆ 6 ಗ್ರಾಂ. ಹಿಂಭಾಗದ ಕೋಷ್ಟಕದ ಜತೆ ತಾಳೆ ನೋಡುವುದು ಅರ್ಧ ನಿಮಿಷದ ಕೆಲಸ. ಎರಡೂ ಹೊಂದದಿದ್ದರೆ ನಿಮ್ಮ ಕೈಯಲ್ಲಿರುವುದು ಗಟ್ಟಿ ದೂರು, ಏಕೆಂದರೆ ಕಂಪನಿಯ ವಿರುದ್ಧ ಸಾಕ್ಷಿ ಹೇಳುತ್ತಿರುವುದು ಅದರದೇ ಲೇಬಲ್.

ಸುಳ್ಳಲ್ಲದೆಯೂ ದಾರಿ ತಪ್ಪಿಸುವ ಮಾತುಗಳು ಬೇರೆ ಇವೆ. ‘ಕೊಲೆಸ್ಟ್ರಾಲ್ ಫ್ರೀ’ ಅಡುಗೆ ಎಣ್ಣೆ: ಕೊಲೆಸ್ಟ್ರಾಲ್ ಬರುವುದು ಪ್ರಾಣಿಮೂಲದಿಂದ, ಯಾವ ಸಸ್ಯದ ಎಣ್ಣೆಯೂ ಅದರ ಮೂಲವಲ್ಲ. ‘ನೋ ಆಡೆಡ್ ಶುಗರ್’: ಸಕ್ಕರೆ ಸೇರಿಸಿಲ್ಲ, ಆದರೆ ಹಣ್ಣಿನಿಂದ ಬಂದ ಸಕ್ಕರೆ ಧಾರಾಳವಾಗಿರಬಹುದು, ‘ಟೋಟಲ್ ಶುಗರ್ಸ್’ ಸಾಲು ನೋಡಿ. ‘ಬೇಕ್ಡ್, ನಾಟ್ ಫ್ರೈಡ್’: ಕರಿದಿಲ್ಲ, ಸರಿ, ಒಟ್ಟು ಕೊಬ್ಬು ಎಷ್ಟು? ‘ಮಲ್ಟಿಗ್ರೇನ್’: ಹಲವು ಧಾನ್ಯ ಎಂದಷ್ಟೇ ಅರ್ಥ, ಇಡೀ ಧಾನ್ಯ ಎಂದಲ್ಲ.

ಪ್ರಾಧಿಕಾರ ನೇರವಾಗಿ ಕೈಹಾಕಿದ ಉದಾಹರಣೆಗಳೂ ಇವೆ. ಕಾನ್ಸಂಟ್ರೇಟಿಗೆ ನೀರು ಬೆರೆಸಿ ಮಾಡಿದ ರಸದ ಮೇಲೆ ‘100% ಹಣ್ಣಿನ ರಸ’ ಎಂದು ಹಾಕುವುದನ್ನು ತೆಗೆಯಿರಿ ಎಂದು 2024ರ ಜೂನ್‌ನಲ್ಲಿ ಆದೇಶವಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ, ‘ಹೆಲ್ತ್ ಡ್ರಿಂಕ್’ ಎಂಬ ವ್ಯಾಖ್ಯೆಯೇ ಕಾಯ್ದೆಯಲ್ಲಿ ಇಲ್ಲ, ಹಾಲು ಅಥವಾ ಮಾಲ್ಟ್ ಆಧಾರಿತ ಪೇಯಗಳನ್ನು ಆ ಗುಂಪಿಗೆ ಸೇರಿಸಬೇಡಿ ಎಂದು ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಲಾಯಿತು. 2025ರ ಅಕ್ಟೋಬರ್‌ನಲ್ಲಿ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಬಳಸುವುದನ್ನು ನಿಷೇಧಿಸಲಾಯಿತು. ಇದು ಜೀವದ ಪ್ರಶ್ನೆ: ಭೇದಿಯಾದ ಮಗುವಿಗೆ ಕೊಡುವ ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುತ್ತದೆ. ಸಕ್ಕರೆ ಹೆಚ್ಚಿರುವ ಪಾನೀಯ ಕೊಟ್ಟರೆ ಭೇದಿ ಇನ್ನೂ ಹೆಚ್ಚಬಹುದು. ಮನೆಯಲ್ಲಿ ಹಳೆಯ ಪೊಟ್ಟಣ ಉಳಿದಿದ್ದರೆ ಈ ಅಂಕಿಗಳ ಜತೆ ಹೋಲಿಸಿ.

5. ದಿನಾಂಕ, ತೂಕ, ಬೆಲೆ

ತಯಾರಿಸಿದ ಅಥವಾ ಪೊಟ್ಟಣ ಕಟ್ಟಿದ ದಿನಾಂಕ, ಜತೆಗೆ ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ದಿನಾಂಕ ಕಡ್ಡಾಯ. ‘ಬೆಸ್ಟ್ ಬಿಫೋರ್’ ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಬಹುದು. ಇವೆರಡನ್ನು ಒಂದೇ ಎಂದುಕೊಳ್ಳಬೇಡಿ. ಬೆಸ್ಟ್ ಬಿಫೋರ್ ದಾಟಿದರೆ ರುಚಿ, ಗರಿಗರಿತನ ಇಳಿಯುತ್ತದೆ, ತಿನ್ನಲು ಅಪಾಯವೆಂದೇನಿಲ್ಲ. ಎಕ್ಸ್‌ಪೈರಿ ದಾಟಿದ್ದನ್ನು ತಿನ್ನಬಾರದು, ಮಾರಲೂಬಾರದು. ಮಾರಿದರೆ ಹೊಣೆ ಅಂಗಡಿಯವರದ್ದೇ. ಅಷ್ಟೂ ದಿನಾಂಕ ಒಡೆಯದ, ಹೇಳಿದ ಹಾಗೆ ಇಟ್ಟ ಪೊಟ್ಟಣಕ್ಕೆ ಮಾತ್ರ. ಒಡೆದ ಮೇಲೆ ಎಷ್ಟು ದಿನ ಎಂಬುದನ್ನು ಬೇರೆ ಸಾಲಿನಲ್ಲಿ ಬರೆದಿರುತ್ತಾರೆ.

ಬೆಲೆಯ ಮೇಲೆ ಚೀಟಿ ಅಂಟಿಸಿದ್ದರೆ ಗಮನಿಸಿ. ಬೆಲೆ ಇಳಿಸಲು ಚೀಟಿ ಅಂಟಿಸಬಹುದು, ಆದರೆ ಮೂಲ ಬೆಲೆಯನ್ನು ಮುಚ್ಚಬಾರದು. ಹೆಚ್ಚಿಸಲು ಅಂಟಿಸುವಂತೆಯೇ ಇಲ್ಲ. ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ, ಅದರ ಮೇಲೆ ‘ಕೂಲಿಂಗ್ ಚಾರ್ಜ್’ ಕೇಳಿದರೆ ಕೊಡಬೇಕಾಗಿಲ್ಲ.

ತೂಕದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸಕ್ಕೆ ನಿಯಮವೇ ಜಾಗ ಬಿಟ್ಟಿದೆ. 500 ಗ್ರಾಂನಿಂದ 1 ಕಿಲೋವರೆಗಿನ ಪೊಟ್ಟಣಕ್ಕೆ 15 ಗ್ರಾಂ. ಅದಕ್ಕಿಂತ ಹೆಚ್ಚು ಕೊರತೆ ಕಂಡರೆ ದೂರು ಕೊಡಿ, ಆದರೆ ಒಡೆಯದ ಪೊಟ್ಟಣದೊಂದಿಗೆ. ಒಡೆದು ತೂಗಿದ್ದಕ್ಕೆ ಬೆಲೆ ಸಿಗುವುದಿಲ್ಲ.

6. ಗುರುತುಗಳು ಮತ್ತು 14 ಅಂಕಿಯ ಸಂಖ್ಯೆ

ಹಸಿರು ಚೌಕದೊಳಗೆ ಹಸಿರು ವೃತ್ತ ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋನ ಮಾಂಸಾಹಾರ, ಮೊಟ್ಟೆಯೂ ಇದರಲ್ಲೇ. ಎಫ್‌ಎಸ್‌ಎಸ್‌ಎಐ ಗುರುತಿನ ಕೆಳಗೆ 14 ಅಂಕಿಯ ಸಂಖ್ಯೆ ಇರುತ್ತದೆ. ಮೊದಲ ಅಂಕಿ 1 ಆದರೆ ಲೈಸೆನ್ಸ್, 2 ಆದರೆ ಸಣ್ಣ ಉದ್ದಿಮೆಯ ನೋಂದಣಿ. ನಾಲ್ಕು, ಐದನೇ ಅಂಕಿಗಳು ವರ್ಷ. ಈ ಸಂಖ್ಯೆ ಇದ್ದ ಮಾತ್ರಕ್ಕೆ ಆಹಾರ ಒಳ್ಳೆಯದೆಂದು ಪ್ರಾಧಿಕಾರ ಹೇಳಿದಂತಲ್ಲ, ವ್ಯಾಪಾರಕ್ಕೆ ಅನುಮತಿ ಇದೆ ಎಂದಷ್ಟೆ. ಪ್ರಾಧಿಕಾರದ ‘ಫೋಸ್ಕೋಸ್’ ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ಗೊತ್ತಾಗುತ್ತದೆ. ಇನ್ನೊಬ್ಬರ ಸಂಖ್ಯೆ ಅಚ್ಚು ಹಾಕಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

7. ತೊಂದರೆ ಕಂಡಾಗ ಮೊದಲು ಮಾಡಬೇಕಾದದ್ದು

ದೂರುಗಳು ಸೋಲುವುದು ಕಾನೂನಿನ ಕೊರತೆಯಿಂದಲ್ಲ, ಮೊದಲ ಅರ್ಧ ಗಂಟೆಯ ತಪ್ಪುಗಳಿಂದ. ಸಿಟ್ಟಿನಲ್ಲಿ ಪೊಟ್ಟಣವನ್ನು ಅಂಗಡಿಯ ಗಲ್ಲಾದ ಮೇಲೆ ಎಸೆದು ಬಂದರೆ ಸಾಕ್ಷ್ಯವೂ ಅಲ್ಲೇ ಉಳಿಯಿತು.

ತಿನ್ನುವುದನ್ನು ನಿಲ್ಲಿಸಿ. ಪೊಟ್ಟಣದ ಎಲ್ಲ ಮಗ್ಗುಲ ಫೋಟೊ ತೆಗೆಯಿರಿ: ಬ್ಯಾಚ್ ಸಂಖ್ಯೆ (ಒಟ್ಟಿಗೆ ತಯಾರಾದ ಸರಕಿನ ಗುರುತು), ದಿನಾಂಕ, 14 ಅಂಕಿಯ ಸಂಖ್ಯೆ, ತಯಾರಕರ ವಿಳಾಸ ಓದುವಂತಿರಲಿ. ಹುಳ, ಬೂಸ್ಟು, ಗಾಜಿನ ಚೂರು ಏನಿದೆಯೋ ಅದನ್ನು ಮುಟ್ಟದೆ, ಇದ್ದಲ್ಲಿಯೇ ಚಿತ್ರ ತೆಗೆಯಿರಿ. ಉಳಿದದ್ದನ್ನು ಅದೇ ಹೊದಿಕೆಯ ಸಮೇತ ಶುಭ್ರ ಚೀಲದಲ್ಲಿ ಕಟ್ಟಿ, ಕೆಡುವಂಥದ್ದಾದರೆ ಫ್ರಿಜ್‌ನಲ್ಲಿಡಿ. ಅಂಗಡಿಯಲ್ಲಿ ಅದೇ ಬ್ಯಾಚಿನ ಇನ್ನೊಂದು ಪೊಟ್ಟಣ ಸಿಕ್ಕರೆ ಬಿಲ್ ಸಮೇತ ಕೊಂಡು ಒಡೆಯದೆ ಇಡಿ. ಒಡೆದ ಪೊಟ್ಟಣಕ್ಕೆ ‘ನಿಮ್ಮ ಮನೆಯಲ್ಲೇ ಹುಳ ಸೇರಿರಬೇಕು’ ಎಂಬ ಉತ್ತರ ಸಿದ್ಧವಿರುತ್ತದೆ, ಒಡೆಯದ್ದಕ್ಕೆ ಇರುವುದಿಲ್ಲ. ಬಿಲ್ ಕಳೆದಿದ್ದರೆ ಯುಪಿಐ ಪಾವತಿಯ ದಾಖಲೆ ತೆಗೆದಿಡಿ. ಯಾರಿಗಾದರೂ ವಾಂತಿ, ಭೇದಿ ಆಗಿದ್ದರೆ ವೈದ್ಯರ ಚೀಟಿಯಲ್ಲಿ ಏನು ತಿಂದ ಮೇಲೆ, ಎಷ್ಟು ಹೊತ್ತಿಗೆ ಎಂದು ಬರೆಸಿ.

ಕಂಪನಿಯ ಪ್ರತಿನಿಧಿ ಮನೆಗೇ ಬಂದು ‘ಪರೀಕ್ಷೆಗೆ ಕಳಿಸುತ್ತೇವೆ’ ಎಂದು ಪೊಟ್ಟಣ ಕೇಳುವುದು ಸಾಮಾನ್ಯ. ಇರುವ ಒಂದೇ ಪೊಟ್ಟಣವನ್ನು ಕೊಡಬೇಡಿ. ಕೊಡಲೇಬೇಕಾದರೆ ಒಂದು ಪಾಲು ಕೊಟ್ಟು ಸಹಿ ಹಾಕಿದ ರಸೀದಿ ಪಡೆಯಿರಿ. ಬದಲಿಗೆ ತಂದ ಉಡುಗೊರೆ ಪೆಟ್ಟಿಗೆಯ ಜತೆ ‘ದೂರು ಇತ್ಯರ್ಥವಾಗಿದೆ’ ಎಂಬ ಕಾಗದವೂ ಬಂದಿದ್ದರೆ ಓದಿಯೇ ಸಹಿ ಮಾಡಿ.

8. ಯಾವ ದೂರಿಗೆ ಯಾವ ಬಾಗಿಲು

ಹುಳ, ಬೂಸ್ಟು, ಕಲಬೆರಕೆ, ಅವಧಿ ಮೀರಿದ ಮಾರಾಟ, ಲೇಬಲ್ಲಿನಲ್ಲಿ ಕಡ್ಡಾಯ ವಿವರ ಇಲ್ಲದಿರುವುದು: ಇವು ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ, ಇಲ್ಲವೇ ಪ್ರಾಧಿಕಾರದ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ಗೆ. ಸಹಾಯವಾಣಿ 1800112100. ತಪ್ಪು ಲೇಬಲ್ಲಿಗೆ 3 ಲಕ್ಷ ರೂಪಾಯಿವರೆಗೆ, ಹೊರವಸ್ತು ಸಿಕ್ಕರೆ 1 ಲಕ್ಷದವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮಗಲ್ಲ.

ತೂಕ ಕಡಿಮೆ, ಗರಿಷ್ಠ ಬೆಲೆಗಿಂತ ಹೆಚ್ಚು ವಸೂಲಿ: ಕಾನೂನು ಮಾಪನಶಾಸ್ತ್ರ ಇಲಾಖೆ.

ಹಣ ವಾಪಸಾತಿ, ಬದಲಿ ಸರಕು: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇದು ರಾಜಿಯ ವೇದಿಕೆ. ಕಂಪನಿಗೆ ದೂರು ತಲುಪಿಸಿ ಉತ್ತರ ತರಿಸುತ್ತದೆ, ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಸಣ್ಣಪುಟ್ಟ ವಿಷಯ ಬಹುಪಾಲು ಇಲ್ಲೇ ಮುಗಿಯುತ್ತದೆ, ಹಾಗಾಗಿ ಮೊದಲು ಇದನ್ನು ಮಾಡಿ ನೋಡುವುದು ಲೇಸು.

ಬಹಳಷ್ಟು ಜನರನ್ನು ತಟ್ಟುವ ಸುಳ್ಳು ಜಾಹೀರಾತು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಚನೆಯಾದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ. ಅದು ಜಾಹೀರಾತು ನಿಲ್ಲಿಸಬಹುದು, 10 ಲಕ್ಷದವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ನಿಮಗೆ ಪರಿಹಾರಧನ ಬೇಕೆಂದರೆ ಹೋಗಬೇಕಾದದ್ದು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ.

ಪ್ರಯೋಗಾಲಯ ಪರೀಕ್ಷೆಯ ಬಗ್ಗೆ ಒಂದು ಮಾತು. ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಯಾವ ಗ್ರಾಹಕರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಶುಲ್ಕ ವಾಪಸ್. ಷರತ್ತು ಒಂದಿದೆ: ಪರೀಕ್ಷೆಗೆಂದೇ ಕೊಳ್ಳುತ್ತಿದ್ದೇನೆ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ನಿನ್ನೆ ತಂದು ಇಂದು ಒಡೆದ ಪೊಟ್ಟಣಕ್ಕೆ ಈ ದಾರಿ ಹೊಂದುವುದಿಲ್ಲ, ಅದೇ ಬ್ಯಾಚಿನ ಹೊಸದನ್ನು ಹೇಳಿಯೇ ಕೊಳ್ಳಬೇಕಾಗುತ್ತದೆ.

9. ದೂರು ಬರೆಯುವುದು, ಆಯೋಗಕ್ಕೆ ಹೋಗುವುದು

ಮೊದಲು ಅಂಗಡಿಗೂ ತಯಾರಕರಿಗೂ ಇಮೇಲ್ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಪತ್ರ ಒಂದು ಪುಟ ಮೀರುವುದು ಬೇಡ: ಏನನ್ನು, ಎಂದು, ಎಲ್ಲಿ, ಎಷ್ಟು ಕೊಟ್ಟು ಕೊಂಡಿರಿ, ಬ್ಯಾಚ್ ಮತ್ತು ಲೈಸೆನ್ಸ್ ಸಂಖ್ಯೆ, ಕಂಡ ದೋಷ, ಆದ ನಷ್ಟ, ನಿಮಗೆ ಬೇಕಾದ ಪರಿಹಾರ, ಉತ್ತರಕ್ಕೆ ಗಡುವು, ಹದಿನೈದು ದಿನ ಕೊಟ್ಟರೆ ಸಾಕು. ದೋಷವನ್ನು ವರ್ಣಿಸುವಾಗ ‘ವಿಷ ಉಣಿಸಿದ್ದೀರಿ’ ಎಂದು ಬರೆಯದೆ ‘ಪೊಟ್ಟಣ ಒಡೆದಾಗ ಎರಡು ಜೀವಂತ ಹುಳುಗಳಿದ್ದವು, ಚಿತ್ರ ಲಗತ್ತಿಸಿದೆ’ ಎಂದು ಬರೆಯಿರಿ. ಸಿಟ್ಟಿನ ವಿಶೇಷಣಗಳಿಗೆ ಉತ್ತರಿಸುವುದು ಕಂಪನಿಗೆ ಸುಲಭ, ವಿವರಗಳಿಗೆ ಕಷ್ಟ.

ಉತ್ತರ ಬಾರದಿದ್ದರೆ ಆಯೋಗ. ಆನ್‌ಲೈನ್‌ನಲ್ಲಿ ‘ಇ-ಜಾಗೃತಿ’ ತಾಣದಿಂದ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಯಾವ ಆಯೋಗ ಎಂಬುದನ್ನು ನೀವು ಕೊಟ್ಟ ಬೆಲೆ ನಿರ್ಧರಿಸುತ್ತದೆ, ಕೇಳುವ ಪರಿಹಾರವಲ್ಲ. 50 ಲಕ್ಷ ರೂಪಾಯಿವರೆಗಿನ ಖರೀದಿ ಜಿಲ್ಲಾ ಆಯೋಗಕ್ಕೆ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಇಪ್ಪತ್ತು ರೂಪಾಯಿ ಬಿಸ್ಕತ್ತಿನ ದೂರಿಗೆ ಅರ್ಜಿ ಶುಲ್ಕ ಸೊನ್ನೆ ಎಂದಾಯಿತು. ಅಂಗಡಿ, ತಯಾರಕ, ಸರಕನ್ನು ಮಾರುಕಟ್ಟೆಗೆ ತರುವ ಸಂಸ್ಥೆ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಉಳಿದವರು ತಪ್ಪನ್ನು ಅವರ ತಲೆಗೆ ಕಟ್ಟುತ್ತಾರೆ.

ಪರೀಕ್ಷೆಯಿಲ್ಲದೆ ದೋಷ ತಿಳಿಯುವಂತಿಲ್ಲ ಎಂದಾದರೆ ಆಯೋಗವೇ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. 45 ದಿನದೊಳಗೆ ವರದಿ ಬರಬೇಕು, ಶುಲ್ಕ ಮೊದಲು ನೀವು ಕಟ್ಟಬೇಕಾಗಬಹುದು. ಒಡೆಯದ ಎರಡನೇ ಪೊಟ್ಟಣ ಕೆಲಸಕ್ಕೆ ಬರುವುದು ಈಗ. ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಬೇಕಾದದ್ದು ಐದು ತಿಂಗಳಲ್ಲಿ ತೀರಬೇಕೆಂದು ಕಾಯ್ದೆ ಹೇಳುತ್ತದೆ. ಅದು ಕಾಗದದ ಲೆಕ್ಕ, ಇನ್ನೂ ಹೆಚ್ಚು ಕಾಯುವ ಮನಸ್ಸು ಇಟ್ಟುಕೊಳ್ಳಿ.

ನೀವು ಮಾತ್ರ ತಡಮಾಡುವಂತಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಕಂಪನಿಯೊಂದಿಗೆ ಇಮೇಲ್ ಓಡಾಡುತ್ತಿದೆ ಎಂಬ ಕಾರಣಕ್ಕೆ ಈ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ.